ಮೈನಸ್ 80 ಡಿಗ್ರಿ ಫ್ರೀಜರ್: ಹೆಚ್ಚು ತಣ್ಣಗಿದ್ದಷ್ಟೂ ಹೆಚ್ಚು ಸುರಕ್ಷಿತವೇ?

ತಂಪಿನ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳಿಗೆ ಲೆಕ್ಕವಿಲ್ಲ. "ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಎಲ್ಲ ಕ್ರಿಮಿಗಳೂ ಸಾಯುತ್ತವೆ" ಎನ್ನುವುದು ಒಂದು. "ಮೈನಸ್ 70 ಡಿಗ್ರಿಯಲ್ಲಿ ಇಡಬೇಕಾದ ಲಸಿಕೆ ಎಂದರೆ ಅದರಲ್ಲಿ ಏನೋ ಅಪಾಯಕಾರಿ ವಸ್ತು ಇದೆ" ಎನ್ನುವುದು ಇನ್ನೊಂದು. "ಲ್ಯಾಬ್‌ಗಳು ಫ್ರೀಜರ್‌ನಲ್ಲಿ ವೈರಸ್ ಇಟ್ಟುಕೊಳ್ಳುವುದು ಯಾಕೆ ಗೊತ್ತಾ?" ಎಂದು ಕೇಳಿ, ಉತ್ತರವನ್ನೂ ತಾವೇ ಕೊಟ್ಟುಬಿಡುವ ಸಂದೇಶಗಳು ಮೂರನೆಯ ಬಗೆಯವು.

ಈ ಮೂರರ ಹಿಂದೆಯೂ ಇರುವುದು ಒಂದೇ ಯಂತ್ರ: ಸಂಶೋಧನಾಲಯಗಳಲ್ಲಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಓಡುವ ಅಲ್ಟ್ರಾ-ಲೋ ಫ್ರೀಜರ್. ಇದನ್ನು ಕಣ್ಣಾರೆ ಕಂಡವರು ಕಡಿಮೆ, ಇದರ ಬಗ್ಗೆ ಬಂದ ಫಾರ್ವರ್ಡ್ ಓದಿದವರು ಹೆಚ್ಚು. ಹಾಗಾಗಿ ಈ ಫ್ರೀಜರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಅದು ಕೆಟ್ಟರೆ ಯಾರಿಗೆ ನಷ್ಟ ಎಂಬುದನ್ನು ಒಂದೊಂದಾಗಿ ನೋಡೋಣ. ನಮ್ಮ ಮನೆಯ ಫ್ರಿಜ್‌ನಲ್ಲಿರುವ ಇನ್ಸುಲಿನ್‌ಗೂ ಇದಕ್ಕೂ ಏನು ಸಂಬಂಧ ಎನ್ನುವುದೂ ಕೊನೆಯ ಹೊತ್ತಿಗೆ ಗೊತ್ತಾಗುತ್ತದೆ.

ಮೈನಸ್ 80 ಎಂದರೆ ಎಷ್ಟು ತಂಪು?

ನಮ್ಮ ಮನೆಯ ಫ್ರಿಜ್‌ನ ಕೆಳಭಾಗದಲ್ಲಿ ಸುಮಾರು 4 ಡಿಗ್ರಿ ಇರುತ್ತದೆ. ಐಸ್‌ಕ್ರೀಮ್ ಇಡುವ ಮೇಲಿನ ಭಾಗದಲ್ಲಿ ಸುಮಾರು ಮೈನಸ್ 18. ಡ್ರೈ ಐಸ್ ಎಂದು ಕರೆಯುವ ಘನರೂಪದ ಕಾರ್ಬನ್ ಡೈಆಕ್ಸೈಡ್‌ನ ಉಷ್ಣತೆ ಮೈನಸ್ 78.5. ಅಂಟಾರ್ಕ್ಟಿಕಾದ ವೋಸ್ಟಾಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾಗಿತ್ತು. ಹವಾಮಾನ ಕೇಂದ್ರವೊಂದರಲ್ಲಿ ಅಳೆದ, ಭೂಮಿಯ ಅತಿ ಕಡಿಮೆ ಉಷ್ಣತೆ ಅದು. ಅಂದರೆ ಅಂಟಾರ್ಕ್ಟಿಕಾದ ಅತ್ಯಂತ ಕಠಿಣ ಚಳಿಗಾಲವನ್ನು ಒಂದು ಬೀರುವಿನೊಳಗೆ ಕೂರಿಸಿ, ವರ್ಷವಿಡೀ ಹಾಗೇ ಇಡುವುದು ಈ ಯಂತ್ರದ ಕೆಲಸ.

ಇದಕ್ಕಿಂತಲೂ ತಣ್ಣಗಿನದು ನಮ್ಮ ಹಳ್ಳಿಗಳಲ್ಲೇ ಇದೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಪಶು ಆಸ್ಪತ್ರೆಯವರು ವೀರ್ಯದ ಕಡ್ಡಿಗಳನ್ನು ಇಟ್ಟುಕೊಂಡಿರುವ ಕ್ಯಾನ್‌ನ ಮುಚ್ಚಳ ತೆಗೆದಾಗ ಬಿಳಿ ಹೊಗೆ ಏಳುವುದನ್ನು ಅನೇಕರು ನೋಡಿರುತ್ತೀರಿ. ಅದರಲ್ಲಿರುವುದು ದ್ರವರೂಪದ ನೈಟ್ರೋಜನ್, ಮೈನಸ್ 196 ಡಿಗ್ರಿ.

ತಂಪು ನಿಜವಾಗಿ ಏನು ಮಾಡುತ್ತದೆ?

ದೋಸೆ ಹಿಟ್ಟನ್ನು ರಾತ್ರಿ ಹೊರಗಿಟ್ಟರೆ ಬೆಳಿಗ್ಗೆ ಉಬ್ಬಿ ಹುಳಿ ಬಂದಿರುತ್ತದೆ. ಅದೇ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ತಡೆಯುತ್ತದೆ. ಹುಳಿ ಬರುವುದು ಅಲ್ಲಿಯೂ ನಿಂತಿಲ್ಲ, ನಿಧಾನವಾಗಿದೆ ಅಷ್ಟೇ. ತಂಪಿನ ಕೆಲಸ ಇಷ್ಟೇ. ಅದು ಕಾಲವನ್ನು ನಿಲ್ಲಿಸುವುದಿಲ್ಲ, ಎಳೆಯುತ್ತದೆ.

ರಸಾಯನಶಾಸ್ತ್ರದಲ್ಲಿ ಒಂದು ಒರಟು ಲೆಕ್ಕವಿದೆ. ಉಷ್ಣತೆ 10 ಡಿಗ್ರಿ ಇಳಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ. ನಮ್ಮ ದೇಹದ 37 ಡಿಗ್ರಿಯಿಂದ ಮೈನಸ್ 80ಕ್ಕೆ ಬರುವಾಗ ಹೀಗೆ ಹನ್ನೊಂದಕ್ಕೂ ಹೆಚ್ಚು ಬಾರಿ ಅರ್ಧವಾಗುತ್ತದೆ. ದೇಹದಲ್ಲಿ ಒಂದು ಗಂಟೆಯಲ್ಲಿ ಆಗುವ ಕೆಡುಕಿಗೆ ಈ ಲೆಕ್ಕದ ಪ್ರಕಾರವೇ ಸುಮಾರು ನಾಲ್ಕೂವರೆ ತಿಂಗಳು ಬೇಕು. ನೀರು ಗಟ್ಟಿಯಾಗಿ ಅಣುಗಳು ಅಲುಗಾಡಲು ಜಾಗವಿಲ್ಲದಂತಾಗುವುದರಿಂದ ವಾಸ್ತವದಲ್ಲಿ ಅದಕ್ಕಿಂತಲೂ ನಿಧಾನ. ಆದರೂ ಪೂರ್ತಿ ಸ್ತಬ್ಧವಲ್ಲ. ನೀರಿನ ಅಣುಗಳು ಗಾಜಿನಂತೆ ಜಡವಾಗಿ ನಿಲ್ಲಬೇಕಾದರೆ ಸುಮಾರು ಮೈನಸ್ 135ಕ್ಕಿಂತ ಕೆಳಗೆ ಹೋಗಬೇಕು. ಜೀವಂತ ಕೋಶಗಳು, ಭ್ರೂಣಗಳು, ವೀರ್ಯ ಇವನ್ನು ದ್ರವ ನೈಟ್ರೋಜನ್‌ನಲ್ಲಿ ಇಡುವುದಕ್ಕೆ ಇದೇ ಕಾರಣ.

ಹಾಗಾದರೆ ಮನೆಯ ಫ್ರೀಜರ್ ಯಾಕೆ ಸಾಲದು?

ನೀರು 0 ಡಿಗ್ರಿಯಲ್ಲೇ ಗಟ್ಟಿಯಾಗುತ್ತದಲ್ಲ, ಮೈನಸ್ 18 ಸಾಕಲ್ಲವೇ ಎಂದು ಕೇಳಬಹುದು. ಶುದ್ಧ ನೀರಿಗೆ ಆ ಮಾತು ಸರಿ. ಆದರೆ ರಕ್ತ, ಜೊಲ್ಲು, ಅಂಗಾಂಶ ಇವುಗಳಲ್ಲಿರುವುದು ಉಪ್ಪು, ಪ್ರೋಟೀನ್ ಬೆರೆತ ನೀರು. ನೀರಿನ ಭಾಗ ಮೊದಲು ಐಸ್ ಆಗುತ್ತದೆ, ಉಪ್ಪು ಉಳಿದ ದ್ರವದಲ್ಲಿ ಸೇರಿಕೊಂಡು ಗಾಢವಾಗುತ್ತಾ ಹೋಗುತ್ತದೆ. ಅಡುಗೆ ಉಪ್ಪು ಬೆರೆತ ನೀರು ಪೂರ್ತಿ ಗಟ್ಟಿಯಾಗಬೇಕಾದರೆ ಮೈನಸ್ 21.1 ಡಿಗ್ರಿಗಿಂತ ಕೆಳಗೆ ಹೋಗಬೇಕು. ಅಂದರೆ ಮನೆಯ ಫ್ರೀಜರ್‌ನಲ್ಲಿ ಕಲ್ಲಿನಂತೆ ಕಾಣುವ ಮಾದರಿಯೊಳಗೆ ಇನ್ನೂ ಅತಿ ಸಣ್ಣ ಉಪ್ಪುನೀರಿನ ಹನಿಗಳು ಉಳಿದಿರುತ್ತವೆ. ಅಲ್ಲಿ ಕಿಣ್ವಗಳು ತೆವಳುತ್ತಲೇ ಕೆಲಸ ಮುಂದುವರಿಸುತ್ತವೆ.

ಎರಡನೆಯ ಕಾರಣ ನಮ್ಮ ಫ್ರಾಸ್ಟ್-ಫ್ರೀ ಫ್ರಿಜ್‌ಗಳದ್ದೇ. ಅವುಗಳಲ್ಲಿ ಐಸ್ ಕಟ್ಟದಿರಲು ಒಳಗೆ ಒಂದು ಹೀಟರ್ ಆಗಾಗ ಚಾಲೂ ಆಗುತ್ತದೆ. ಆಗ ಉಷ್ಣತೆ ಸ್ವಲ್ಪ ಏರಿ ಮತ್ತೆ ಇಳಿಯುತ್ತದೆ. ಐಸ್‌ಕ್ರೀಮ್ ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಬಾಯಿಗೆ ಐಸ್ ಚೂರು ಸಿಗುತ್ತದೆ, ಮೊದಲಿನ ನುಣುಪು ಇರುವುದಿಲ್ಲ. ಸಣ್ಣ ಹರಳುಗಳು ಸೇರಿ ದೊಡ್ಡ ಹರಳುಗಳಾಗಿರುತ್ತವೆ. ಇದೇ ಸಂಗತಿ ಒಂದು ಕೋಶದೊಳಗೆ ನಡೆದರೆ ಆ ಹರಳುಗಳು ಕೋಶದ ಪೊರೆಯನ್ನೇ ಹರಿಯುತ್ತವೆ. ಆದ್ದರಿಂದ ಮೈನಸ್ 80ರ ಫ್ರೀಜರ್‌ಗಳಲ್ಲಿ ಸಾಮಾನ್ಯವಾಗಿ ಇಂಥ ಹೀಟರ್ ಇರುವುದಿಲ್ಲ. ಕಟ್ಟಿದ ಐಸನ್ನು ಜನರೇ ಕೆರೆದು ತೆಗೆಯಬೇಕು. ಮಾದರಿಯನ್ನು ದೊಡ್ಡ ಬಾಟಲಿಯಲ್ಲಿ ಇಡದೆ ಹತ್ತಾರು ಪುಟ್ಟ ಟ್ಯೂಬ್‌ಗಳಿಗೆ ಹಂಚಿ ಇಡುವುದಕ್ಕೂ ಇದೇ ಕಾರಣ. ಒಂದನ್ನು ಕರಗಿಸಿ ಬಳಸಿದರೆ ಉಳಿದವುಗಳಿಗೆ ತೊಂದರೆಯಾಗುವುದಿಲ್ಲ.

ಹಾಗೆಂದು ಎಲ್ಲಕ್ಕೂ ಮೈನಸ್ 80 ಬೇಕಿಲ್ಲ. ಶುದ್ಧೀಕರಿಸಿದ ಡಿಎನ್‌ಎ ಗಟ್ಟಿ ಅಣು, ಮೈನಸ್ 20ರಲ್ಲೂ ವರ್ಷಗಟ್ಟಲೆ ಉಳಿಯುತ್ತದೆ. ಅದರ ಸೋದರ ಆರ್‌ಎನ್‌ಎ ಬಲು ನಾಜೂಕು. ನಮ್ಮ ಚರ್ಮದ ಮೇಲೆ, ಗಾಳಿಯ ಧೂಳಿನಲ್ಲಿ, ಎಲ್ಲೆಲ್ಲೂ ಅದನ್ನು ಕತ್ತರಿಸುವ ಕಿಣ್ವಗಳಿವೆ. ಅದಕ್ಕೆ ಹೆಚ್ಚಿನ ತಂಪು ಬೇಕು.

ಫ್ರೀಜರ್‌ನಲ್ಲಿ ಕ್ರಿಮಿಗಳು ಸಾಯುತ್ತವೆಯೇ?

ಇಲ್ಲ. ಬ್ಯಾಕ್ಟೀರಿಯಾಗಳನ್ನು ವರ್ಷಗಟ್ಟಲೆ ಜೀವಂತವಾಗಿ ಉಳಿಸಲು ಲ್ಯಾಬ್‌ಗಳು ಬಳಸುವುದೇ ಈ ಫ್ರೀಜರನ್ನು! ಬ್ಯಾಕ್ಟೀರಿಯಾ ಇರುವ ದ್ರವಕ್ಕೆ ಒಂದಿಷ್ಟು ಗ್ಲಿಸರಾಲ್ ಬೆರೆಸಿ ಮೈನಸ್ 80ರಲ್ಲಿ ಇಟ್ಟರೆ, ಹತ್ತು ವರ್ಷ ಬಿಟ್ಟು ಚಿಟಿಕೆಯಷ್ಟು ಕೆರೆದು ಪೋಷಕಾಂಶದ ತಟ್ಟೆಗೆ ಹಚ್ಚಿದಾಗ ಮರುದಿನ ಮತ್ತೆ ಬೆಳೆದಿರುತ್ತದೆ. ಗ್ಲಿಸರಾಲ್ ಐಸ್ ಹರಳುಗಳಿಂದ ಕೋಶವನ್ನು ಕಾಪಾಡುತ್ತದೆ ಎಂಬುದನ್ನು ಬ್ರಿಟನ್ನಿನಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರೆ ಸ್ಮಿತ್ ಮತ್ತು ಆಲನ್ ಪಾರ್ಕ್ಸ್ 1949ರಲ್ಲಿ ಕೋಳಿಯ ವೀರ್ಯದ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ನಮ್ಮ ಪಶು ಆಸ್ಪತ್ರೆಯ ಕ್ಯಾನ್‌ನ ಮೂಲವೂ ಅಲ್ಲೇ ಇದೆ.

ಮನೆಯ ಫ್ರೀಜರ್‌ನಲ್ಲಿ ಗ್ಲಿಸರಾಲ್ ಇರುವುದಿಲ್ಲ, ನಿಜ. ಕೆಲವು ಬ್ಯಾಕ್ಟೀರಿಯಾಗಳು ಅಲ್ಲಿ ಸಾಯುತ್ತವೆ, ಆದರೆ ಬಹಳಷ್ಟು ಉಳಿಯುತ್ತವೆ. ಹೊರಗೆ ತೆಗೆದು ಕರಗಿದ ಕೂಡಲೇ ಮತ್ತೆ ವಂಶ ಬೆಳೆಸತೊಡಗುತ್ತವೆ. ಮೀನಿನೊಳಗಿನ ಕೆಲವು ಹುಳುಗಳು, ಪರಾವಲಂಬಿಗಳು ಮೈನಸ್ 20ರಲ್ಲಿ ಒಂದು ವಾರ ಇಟ್ಟರೆ ಸಾಯುತ್ತವೆ ಎನ್ನುವುದು ಸರಿ. ಫಾರ್ವರ್ಡ್‌ನಲ್ಲಿ ಅರ್ಧ ಸತ್ಯ ನುಸುಳುವುದು ಇಲ್ಲಿಂದಲೇ. ಬ್ಯಾಕ್ಟೀರಿಯಾಗಳಿಗೆ, ವೈರಸ್‌ಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಕೆಟ್ಟ ವಾಸನೆ ಬಂದ ಮಾಂಸವನ್ನೋ ಹಳಸಿದ ಸಾರನ್ನೋ ಫ್ರೀಜರ್‌ನಲ್ಲಿಟ್ಟು ಶುದ್ಧ ಮಾಡಲಾಗದು. ಕ್ರಿಮಿಗಳನ್ನು ಕೊಲ್ಲುವುದು ಬಿಸಿ. ತಂಪು ಇದ್ದದ್ದನ್ನು ಇದ್ದ ಹಾಗೆ ಇಡುತ್ತದೆ, ಕ್ರಿಮಿಯಿದ್ದರೆ ಕ್ರಿಮಿಯನ್ನೂ.

ಈ ಯಂತ್ರ ಹೇಗೆ ಓಡುತ್ತದೆ?

ಮನೆಯ ಫ್ರಿಜ್‌ನಲ್ಲಿ ಒಂದು ಕಂಪ್ರೆಸರ್, ಒಂದು ಅನಿಲ. ಅನಿಲ ಒಳಗೆ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಂಡು, ಹಿಂಬದಿಯಲ್ಲಿ ಮತ್ತೆ ದ್ರವವಾಗುವಾಗ ಹೊರಗೆ ಬಿಡುತ್ತದೆ. ಕೋಣೆಯ 30 ಡಿಗ್ರಿಯಿಂದ ಮೈನಸ್ 80ರವರೆಗೆ, ಅಂದರೆ 110 ಡಿಗ್ರಿಗಳ ಅಂತರವನ್ನು ಒಂದೇ ನೆಗೆತದಲ್ಲಿ ದಾಟುವುದು ಇಂಥ ವ್ಯವಸ್ಥೆಗೆ ಬಹಳ ಕಷ್ಟ.

ಹಾಗಾಗಿ ಹೆಚ್ಚಿನ ಅಲ್ಟ್ರಾ-ಲೋ ಫ್ರೀಜರ್‌ಗಳಲ್ಲಿ ಎರಡು ಫ್ರಿಜ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿದಂತೆ ಎರಡು ಹಂತಗಳಿರುತ್ತವೆ. ಮೊದಲ ಹಂತ ಮೈನಸ್ 40ರ ಆಸುಪಾಸಿಗೆ ಇಳಿಸುತ್ತದೆ. ಎರಡನೆಯ ಹಂತ ತನ್ನ ಬಿಸಿಯನ್ನು ಕೋಣೆಗೆ ಬಿಡದೆ ಮೊದಲ ಹಂತಕ್ಕೆ ಒಪ್ಪಿಸಿ, ಅಲ್ಲಿಂದ ಕೆಳಗಿಳಿಯುತ್ತದೆ. ಹೊಸ ಯಂತ್ರಗಳಲ್ಲಿ ಮೊದಲನೆಯದಕ್ಕೆ ಪ್ರೊಪೇನ್, ಎರಡನೆಯದಕ್ಕೆ ಈಥೇನ್ ಬಳಸುವುದುಂಟು. ಪ್ರೊಪೇನ್ ಕುದಿಯುವುದು ಮೈನಸ್ 42ರಲ್ಲಿ, ಈಥೇನ್ ಕುದಿಯುವುದು ಸುಮಾರು ಮೈನಸ್ 89ರಲ್ಲಿ. ಲೆಕ್ಕ ಸರಿಹೋಯಿತಲ್ಲ!

ಒಂದು ಕುತೂಹಲದ ಸಂಗತಿ: ಈ ಫ್ರೀಜರ್‌ನ ಬಾಗಿಲನ್ನು ಮುಚ್ಚಿದ ತಕ್ಷಣ ಮತ್ತೆ ತೆರೆಯಲು ಹೋದರೆ ಅಲುಗಾಡುವುದೇ ಇಲ್ಲ. ಒಳಗೆ ನುಗ್ಗಿದ ಬಿಸಿ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುವುದರಿಂದ ಬಾಗಿಲು ಒಳಕ್ಕೆ ಹೀರಲ್ಪಡುತ್ತದೆ. ಇದಕ್ಕಾಗಿಯೇ ಗಾಳಿ ಒಳಹೋಗಲು ಒಂದು ಪುಟ್ಟ ರಂಧ್ರ ಇಟ್ಟಿರುತ್ತಾರೆ. ಬಾಗಿಲು ತೆರೆದಿಟ್ಟು "ಆ ಡಬ್ಬಿ ಎಲ್ಲಿದೆಯಪ್ಪಾ" ಎಂದು ಹುಡುಕುವಂತಿಲ್ಲ. ಯಾವ ತಟ್ಟಿನ ಯಾವ ಪೆಟ್ಟಿಗೆಯ ಎಷ್ಟನೆಯ ಗುಳಿಯಲ್ಲಿ ಯಾವ ಟ್ಯೂಬ್ ಇದೆ ಎಂಬ ಪಟ್ಟಿ ಮೊದಲೇ ಕೈಯಲ್ಲಿರಬೇಕು.

ಒಳಗೆ ಏನಿರುತ್ತದೆ, ಯಾಕೆ ಇರುತ್ತದೆ?

ಈಗ "ವೈರಸ್ ಬಚ್ಚಿಡುತ್ತಾರೆ" ಎಂಬ ಫಾರ್ವರ್ಡ್‌ಗೆ ಬರೋಣ. ಲ್ಯಾಬ್‌ಗಳ ಫ್ರೀಜರ್‌ನಲ್ಲಿ ವೈರಸ್‌ಗಳಿರುವುದು ನಿಜ, ಅದರಲ್ಲಿ ಗುಟ್ಟೇನೂ ಇಲ್ಲ. ಅವುಗಳ ಜೊತೆಗೆ ರೋಗಿಗಳ ರಕ್ತ, ಗೆಡ್ಡೆಗಳ ಚೂರು, ಪ್ಲಾಸ್ಮಾ ಕೂಡ ಇರುತ್ತವೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಆರಂಭವಾದ ಮಿದುಳು ಬ್ಯಾಂಕ್ ಇದೆ. ಸಾವಿನ ನಂತರ ಕುಟುಂಬದವರ ಒಪ್ಪಿಗೆಯಿಂದ ದಾನವಾಗಿ ಬಂದ ಮಿದುಳಿನ ಅಂಗಾಂಶವನ್ನು ಸಂಶೋಧನೆಗಾಗಿ ಅಲ್ಲಿ ಕಾಪಾಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದಲ್ಲಿ ಜೀನೋಮ್ ಇಂಡಿಯಾ ಯೋಜನೆಗಾಗಿ ದೇಶದ ನಾನಾ ಸಮುದಾಯಗಳಿಂದ ಸಂಗ್ರಹಿಸಿದ ಸುಮಾರು 20,000 ರಕ್ತ ಮಾದರಿಗಳ ಬಯೋಬ್ಯಾಂಕ್ ಇದೆ. ಇವರಲ್ಲಿ 10,000 ಜನರ ಪೂರ್ಣ ಜೀನೋಮ್ ಓದಲಾಗಿದೆ.

ಹಳೆಯ ಮಾದರಿ ಯಾಕೆ ಬೇಕು? ಯಾಕೆಂದರೆ ಇಂದು ಉತ್ತರ ಸಿಗದ ಪ್ರಶ್ನೆಗೆ ಇಪ್ಪತ್ತು ವರ್ಷದ ನಂತರ ಹೊಸ ಉಪಕರಣ ಬಂದಾಗ ಉತ್ತರ ಸಿಗಬಹುದು. ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದಲ್ಲಿದೆ. 1993ರಲ್ಲಿ ನ್ಯೂ ಮೆಕ್ಸಿಕೊ, ಅರಿಜೋನಾ ಭಾಗದಲ್ಲಿ ಆರೋಗ್ಯವಂತ ಯುವಜನರು ಉಸಿರಾಟದ ತೊಂದರೆಯಿಂದ ದಿಢೀರನೆ ಸಾಯತೊಡಗಿದರು. ಸೇನೆಯ ಪ್ರಯೋಗಾಲಯದಿಂದ ಏನೋ ಸೋರಿದೆ ಎಂಬ ಗುಮಾನಿ ಆಗಲೇ ಹಬ್ಬಿತು. ಅಂದು ವಾಟ್ಸಾಪ್ ಇರಲಿಲ್ಲ, ಗಾಳಿಮಾತಿಗೆ ಅದು ಬೇಕಾಗಿಯೂ ಇರಲಿಲ್ಲ. ಕಾರಣ ಇಲಿಗಳಿಂದ ಹರಡುವ ಹ್ಯಾಂಟಾ ವೈರಸ್ ಎಂದು ಪತ್ತೆಯಾಯಿತು. ಆದರೆ ಅದು ಹೊಸದಾಗಿ ಬಂದದ್ದೋ, ಮೊದಲೇ ಇದ್ದದ್ದೋ? ಉತ್ತರ ಸಿಕ್ಕಿದ್ದು ಪ್ರಾಣಿ ಸಂಗ್ರಹಾಲಯಗಳು ಬೇರೆ ಉದ್ದೇಶಕ್ಕಾಗಿ ವರ್ಷಗಳ ಹಿಂದೆಯೇ ಫ್ರೀಜ್ ಮಾಡಿ ಇಟ್ಟಿದ್ದ ಇಲಿಗಳ ಅಂಗಾಂಶದಲ್ಲಿ. ರೋಗ ಕಾಣಿಸಿಕೊಳ್ಳುವ ಮೊದಲೇ ಆ ಇಲಿಗಳಲ್ಲಿ ವೈರಸ್ ಇತ್ತು. ಹೆಚ್ಚು ಮಳೆಯಾಗಿ, ಆಹಾರ ಸಮೃದ್ಧವಾಗಿ, ಇಲಿಗಳು ಹೆಚ್ಚಿ ಮನುಷ್ಯರ ಹತ್ತಿರ ಬಂದಿದ್ದವು.

ಗಾಳಿಮಾತಿಗೆ ಉತ್ತರ ಕೊಟ್ಟದ್ದು ಫ್ರೀಜರ್ ಎಂಬುದನ್ನು ಗಮನಿಸಿ. ನಮ್ಮಲ್ಲೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಹಬ್ಬಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ ಗುರುತಿಸಿದರು. ನಾವು ಮಂಗನ ಕಾಯಿಲೆ ಎನ್ನುವ ಆ ರೋಗ ಮಲೆನಾಡನ್ನು ಇಂದಿಗೂ ಬಿಟ್ಟಿಲ್ಲ. ವೈರಸ್ ವರ್ಷದಿಂದ ವರ್ಷಕ್ಕೆ ಬದಲಾಗಿದೆಯೇ, ಹೊಸ ಲಸಿಕೆ ಅದರ ಮೇಲೆ ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ ಹೋಲಿಸಿ ನೋಡಲು ಹಳೆಯ ವೈರಸ್ ಇರಲೇಬೇಕು.

ಮೈನಸ್ 70ರ ಲಸಿಕೆಯಲ್ಲಿ ಅಪಾಯವಿತ್ತೇ?

2020ರ ಕೊನೆಯಲ್ಲಿ ಫೈಜರ್-ಬಯೋಎನ್‌ಟೆಕ್ ಕೋವಿಡ್ ಲಸಿಕೆ ಬಂದಾಗ ಅದನ್ನು ಮೈನಸ್ 60ರಿಂದ ಮೈನಸ್ 90 ಡಿಗ್ರಿಯ ನಡುವೆ ಇಡಬೇಕಿತ್ತು. ಇಷ್ಟು ತಂಪು ಬೇಕಾದ ಕಾರಣವನ್ನು ಆಗಲೇ ನೋಡಿದೆವು. ಅದರಲ್ಲಿದ್ದದ್ದು ಕೊಬ್ಬಿನ ಅತಿ ಸಣ್ಣ ಹನಿಯೊಳಗೆ ಸುತ್ತಿಟ್ಟ ಆರ್‌ಎನ್‌ಎ. ಬೇಗ ಕೆಡುವ ವಸ್ತು ಆದ್ದರಿಂದ ಹೆಚ್ಚು ತಂಪು. ಹಾಲು ಬೇಗ ಕೆಡುತ್ತದೆ ಎಂದು ಫ್ರಿಜ್‌ನಲ್ಲಿಡುತ್ತೇವೆ, ಹಾಲು ಅಪಾಯಕಾರಿ ಎಂದಲ್ಲವಲ್ಲ.

ಆ ಲಸಿಕೆಯನ್ನು ಯಾರಿಗೂ ಮೈನಸ್ 70ರಲ್ಲಿ ಚುಚ್ಚಲಿಲ್ಲ. ಮೊದಲು ಕರಗಿಸಿ, ಲವಣಜಲ ಬೆರೆಸಿ, ಕೋಣೆಯ ಉಷ್ಣತೆಗೆ ಬಂದ ಮೇಲೆ ಕೊಡುತ್ತಿದ್ದರು. ಹೆಚ್ಚಿನ ಪರೀಕ್ಷೆಗಳು ನಡೆದಂತೆ ನಿಯಮವೂ ಸಡಿಲವಾಯಿತು. 2021ರ ಫೆಬ್ರುವರಿಯಲ್ಲಿ ಸಾಮಾನ್ಯ ಫ್ರೀಜರ್‌ನಲ್ಲೂ ಎರಡು ವಾರ ಇಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದರು. ನಮ್ಮಲ್ಲಿ ಹೆಚ್ಚಿನವರು ಪಡೆದ ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್‌ಗೆ 2ರಿಂದ 8 ಡಿಗ್ರಿಯ ಸಾಮಾನ್ಯ ಫ್ರಿಜ್ ಸಾಕಿತ್ತು. ಪುಣೆಯ ಜೆನೋವಾ ಕಂಪನಿಯ ಎಂಆರ್‌ಎನ್‌ಎ ಲಸಿಕೆಗೆ 2022ರಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಪುಡಿಯ ರೂಪಕ್ಕೆ ಒಣಗಿಸಿದ್ದರಿಂದ ಅದನ್ನೂ 2ರಿಂದ 8 ಡಿಗ್ರಿಯಲ್ಲೇ ಇಡಬಹುದಾಗಿತ್ತು.

ಅತಿ ತಂಪಿನ ಲಸಿಕೆಯನ್ನು ಬಡ ದೇಶಗಳಿಗೆ ಒಯ್ಯಲು ಸಾಧ್ಯವೇ ಇಲ್ಲ ಎಂಬ ಮಾತೂ ಆಗ ಕೇಳಿಬಂದಿತ್ತು. ಎಬೋಲಾ ಲಸಿಕೆ ಎರ್ವೆಬೊಗೂ ಮೈನಸ್ 60ಕ್ಕಿಂತ ಕೆಳಗಿನ ತಂಪು ಬೇಕು. 2018ರಿಂದ 2020ರವರೆಗೆ ಕಾಂಗೋದ ಪೂರ್ವ ಭಾಗದಲ್ಲಿ, ಸಂಘರ್ಷದ ನಡುವೆಯೇ, ವಿಶೇಷ ಪೆಟ್ಟಿಗೆಗಳಲ್ಲಿ ಅದನ್ನು ಹಳ್ಳಿಗಳಿಗೆ ಒಯ್ದು 3 ಲಕ್ಷಕ್ಕೂ ಹೆಚ್ಚು ಜನರಿಗೆ ನೀಡಲಾಯಿತು.

ಎಚ್ಚರ: ಕೆಲವಕ್ಕೆ ತಂಪೇ ವಿಷ

ತಂಪು ಒಳ್ಳೆಯದು ಎಂದಾದರೆ ಎಲ್ಲವನ್ನೂ ಫ್ರೀಜ್ ಮಾಡಿಬಿಡೋಣವೇ? ಮನೆಮಂದಿಗೆ ನಿಜವಾಗಿ ಹಾನಿ ಮಾಡುವ ತಪ್ಪು ತಿಳಿವಳಿಕೆ ಇದೇ.

ನಮ್ಮ ಮಕ್ಕಳಿಗೆ ಕೊಡುವ ಪೆಂಟಾವೇಲೆಂಟ್, ಡಿಪಿಟಿ, ಹೆಪಟೈಟಿಸ್-ಬಿ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟವೆಂದೇ ಲೆಕ್ಕ. ಅವುಗಳಲ್ಲಿರುವ ಅಲ್ಯೂಮಿನಿಯಂ ಲವಣದ ಸೂಕ್ಷ್ಮ ಕಣಗಳು ಹೆಪ್ಪುಗಟ್ಟಿದಾಗ ಒಟ್ಟಾಗಿ ಗಂಟುಕಟ್ಟುತ್ತವೆ, ಲಸಿಕೆಯ ಶಕ್ತಿ ಹೋಗುತ್ತದೆ. ಕರಗಿದ ಮೇಲೆ ನೋಡಲು ಅಷ್ಟೇನೂ ವ್ಯತ್ಯಾಸ ಕಾಣದಿರುವುದರಿಂದ ಅಪಾಯ ಇನ್ನೂ ಹೆಚ್ಚು. ಅನುಮಾನ ಬಂದಾಗ ಆರೋಗ್ಯ ಸಿಬ್ಬಂದಿ ಬಾಟಲಿಯನ್ನು ಕುಲುಕಿ, ಕಣಗಳು ಎಷ್ಟು ಬೇಗ ತಳಕ್ಕೆ ಇಳಿಯುತ್ತವೆ ಎಂದು ಹೋಲಿಸಿ ನೋಡುವ ಪರೀಕ್ಷೆ ಇದೆ. ಲಸಿಕೆ ಒಯ್ಯುವ ಡಬ್ಬಿಗೆ ಐಸ್ ಪ್ಯಾಕ್ ಹಾಕುವ ಮೊದಲು ಅದನ್ನು ಹೊರಗಿಟ್ಟು, ಕುಲುಕಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯುವುದೂ ಇದಕ್ಕೇ. ಅದೇ ಆಸ್ಪತ್ರೆಯಲ್ಲಿ ಪೋಲಿಯೊ ಹನಿಗೆ ನಿಯಮ ತಿರುಗುಮುರುಗು. ಜಿಲ್ಲಾ ಉಗ್ರಾಣದಲ್ಲಿ ಅದನ್ನು ಮೈನಸ್ 15ರಿಂದ ಮೈನಸ್ 25ರಲ್ಲಿ ಇಡುತ್ತಾರೆ.

ಇನ್ಸುಲಿನ್ ಕೂಡ ಹೀಗೆಯೇ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ಅಂದರೆ ಫ್ರಿಜ್‌ನ ಸಾಮಾನ್ಯ ಭಾಗ. ಫ್ರೀಜರ್‌ನಲ್ಲಿ ಇಡಬಾರದು, ಫ್ರೀಜರ್ ಗೋಡೆಗೆ ತಾಗಿಸಿಯೂ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸದೆ ಎಸೆಯಬೇಕು. "ಬೇಸಿಗೆಯಲ್ಲವೇ, ಮೇಲೆ ಇಟ್ಟರೆ ಇನ್ನೂ ಚೆನ್ನಾಗಿರುತ್ತದೆ" ಎಂದು ಇನ್ಸುಲಿನ್ ಬಾಟಲಿಯನ್ನು ಐಸ್ ಟ್ರೇ ಪಕ್ಕ ಇಟ್ಟ ಮನೆಗಳಲ್ಲಿ, ಸಕ್ಕರೆ ಯಾಕೆ ಇಳಿಯುತ್ತಿಲ್ಲ ಎಂಬುದಕ್ಕೆ ಉತ್ತರ ಅಲ್ಲೇ ಇರಬಹುದು.

ಇನ್ನೊಂದು ಅಪಾಯ ಮದುವೆ ಮನೆಗಳಲ್ಲಿ ಕಾಣಿಸುತ್ತಿದೆ. ಹೊಗೆ ಬರುವ ಪಾನ್, ಹೊಗೆ ಬಿಸ್ಕೆಟ್ ಎಂದು ಕೊಡುವುದು ದ್ರವ ನೈಟ್ರೋಜನ್‌ನಲ್ಲಿ ಅದ್ದಿದ ತಿನಿಸು. ಬೆಂಗಳೂರಿನಲ್ಲಿ ಇಂಥ ಪಾನ್ ತಿಂದ ಬಾಲಕಿಯೊಬ್ಬಳ ಹೊಟ್ಟೆಯಲ್ಲಿ ರಂಧ್ರವಾಗಿ ಶಸ್ತ್ರಚಿಕಿತ್ಸೆ ಬೇಕಾದ ಪ್ರಕರಣ 2024ರಲ್ಲಿ ಸುದ್ದಿಯಾಗಿತ್ತು. ನೈಟ್ರೋಜನ್ ವಿಷವಲ್ಲ. ಆದರೆ ಮೈನಸ್ 196ರ ದ್ರವ ಪೂರ್ತಿ ಆವಿಯಾಗುವ ಮೊದಲು ಹೊಟ್ಟೆ ಸೇರಿದರೆ, ಅಲ್ಲಿ ಆವಿಯಾಗಿ ನೂರಾರು ಪಟ್ಟು ಹಿಗ್ಗುತ್ತದೆ.

ಫ್ರೀಜರ್ ನಿಂತುಹೋದರೆ?

ಇಷ್ಟೆಲ್ಲ ಕಾಪಾಡುವ ಯಂತ್ರದ ದೊಡ್ಡ ದೌರ್ಬಲ್ಯ, ಅದು ಯಂತ್ರ ಎನ್ನುವುದೇ. ಕರೆಂಟ್ ಹೋದರೆ, ಕಂಪ್ರೆಸರ್ ಕೆಟ್ಟರೆ, ಕೆಲವು ಗಂಟೆಗಳಲ್ಲಿ ಒಳಗಿನ ಉಷ್ಣತೆ ಏರತೊಡಗುತ್ತದೆ.

2012ರಲ್ಲಿ ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿರುವ ಹಾರ್ವರ್ಡ್ ಮಿದುಳು ಬ್ಯಾಂಕ್‌ನ ಒಂದು ಫ್ರೀಜರ್ ಕೆಟ್ಟಿತು. ಎರಡು ಅಲಾರಂಗಳಿದ್ದವು, ಎರಡೂ ಬಡಿಯಲಿಲ್ಲ. ಹೊರಗಿನ ಫಲಕ ಮೈನಸ್ 79 ಎಂದೇ ತೋರಿಸುತ್ತಿತ್ತು. ಬಾಗಿಲು ತೆರೆದಾಗ ಒಳಗೆ ಮನೆಯ ಫ್ರಿಜ್‌ನಷ್ಟೇ ತಂಪು. ಸುಮಾರು 150 ಮಿದುಳುಗಳು ಕರಗಿದ್ದವು. ಅವುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಆಟಿಸಂ ಸಂಶೋಧನೆಗೆಂದು ಕುಟುಂಬಗಳು ಕೊಟ್ಟಿದ್ದವು. ಮಗುವನ್ನು ಕಳೆದುಕೊಂಡ ದಿನವೇ, "ಇನ್ನೊಬ್ಬರ ಮಗುವಿಗಾದರೂ ಉಪಯೋಗವಾಗಲಿ" ಎಂದು ಕೊಟ್ಟ ದಾನ ಅದು. ದುಡ್ಡು ಕೊಟ್ಟು ಮತ್ತೆ ಕೊಳ್ಳಲಾಗುವಂಥದ್ದಲ್ಲ.

2020ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ರೆನ್ಸೆಲೇರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ನಡೆದದ್ದು ಇನ್ನೊಂದು ಬಗೆ. ಮೈನಸ್ 80ರ ಫ್ರೀಜರ್‌ನಲ್ಲಿ ಸಣ್ಣ ದೋಷ ಕಂಡು ಅಲಾರಂ ಬೀಪ್ ಬೀಪ್ ಎನ್ನುತ್ತಿತ್ತು. ಮುಟ್ಟಬೇಡಿ, ರಿಪೇರಿಯವರು ಬರುತ್ತಾರೆ ಎಂದು ಚೀಟಿಯನ್ನೂ ಅಂಟಿಸಿದ್ದರು. ಸಂಸ್ಥೆ ಹೂಡಿದ ದಾವೆಯಲ್ಲಿ ಹೇಳಿರುವಂತೆ, ರಾತ್ರಿಪಾಳಿಯ ಸ್ವಚ್ಛತಾ ಸಿಬ್ಬಂದಿಯೊಬ್ಬರು ಆ ಕಿರಿಕಿರಿಯ ಸದ್ದು ನಿಲ್ಲಿಸಲು ಹೋಗಿ ಸ್ವಿಚ್ ಪೆಟ್ಟಿಗೆಯಲ್ಲಿ ಫ್ರೀಜರ್‌ಗೆ ಬರುವ ವಿದ್ಯುತ್ತನ್ನೇ ನಿಲ್ಲಿಸಿದರು. ಬೆಳಗಾಗುವಷ್ಟರಲ್ಲಿ ಮೈನಸ್ 32. ದಶಕಗಳ ಸಂಶೋಧನೆ ಹಾಳಾಯಿತು, ನಷ್ಟ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಎಂದು ಸಂಸ್ಥೆ ಹೇಳಿತು. ದಾವೆ ಆ ಕೆಲಸಗಾರರ ಮೇಲಲ್ಲ, ಅವರಿಗೆ ಸರಿಯಾದ ತರಬೇತಿ ಕೊಡಲಿಲ್ಲ ಎಂದು ಅವರ ಕಂಪನಿಯ ಮೇಲೆ.

2023ರ ಕ್ರಿಸ್ಮಸ್ ರಜೆಯಲ್ಲಿ ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯಲ್ಲಿ 16 ಶೈತ್ಯ ಟ್ಯಾಂಕ್‌ಗಳಿಗೆ ದ್ರವ ನೈಟ್ರೋಜನ್ ಪೂರೈಕೆ ನಿಂತುಹೋಯಿತು. ರಜೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ. ರಕ್ತದ ಕ್ಯಾನ್ಸರ್ ರೋಗಿಗಳಿಂದ ದಶಕಗಳ ಕಾಲ ಸಂಗ್ರಹಿಸಿದ ಮಾದರಿಗಳೂ ನಾಶವಾದವುಗಳಲ್ಲಿ ಸೇರಿದ್ದವು.

ಈ ಮೂರೂ ಜಗತ್ತಿನ ಶ್ರೀಮಂತ ದೇಶಗಳಲ್ಲಿ ನಡೆದವು. ಮೂರರಲ್ಲೂ ತಂಪಿಗೆ ಕೊರತೆಯಿರಲಿಲ್ಲ, ತಪ್ಪಿದ್ದು ನಿಗಾ. ಹೀಗಾಗಿ ಜಾಗರೂಕ ಲ್ಯಾಬ್‌ಗಳು ಒಂದೇ ರೋಗಿಯ ಮಾದರಿಯನ್ನು ಎರಡು ಪಾಲು ಮಾಡಿ ಬೇರೆ ಬೇರೆ ಫ್ರೀಜರ್‌ಗಳಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇಡುತ್ತವೆ. ಒಂದು ಫ್ರೀಜರನ್ನು ಖಾಲಿಯಾಗಿಯೇ ಓಡಿಸುತ್ತಿರುತ್ತವೆ, ಇನ್ನೊಂದು ಕೆಟ್ಟರೆ ತಕ್ಷಣ ಸಾಗಿಸಲು. ಒಳಗಿನ ಉಷ್ಣತೆ ಅಳೆಯಲು ಯಂತ್ರದ ಫಲಕವನ್ನಷ್ಟೇ ನಂಬದೆ ಬೇರೆಯದೇ ಉಷ್ಣಮಾಪಕ ಇಡುತ್ತವೆ. ಡೀಸೆಲ್ ಜನರೇಟರ್ ಇದ್ದರೆ ಸಾಲದು, ರಜೆಯ ದಿನ ಫೋನ್ ಎತ್ತುವವರು ಯಾರು ಎಂದೂ ಗೊತ್ತಿರಬೇಕು.

80 ಬೇಕೇ, 70 ಸಾಕೇ?

ಈ ತಂಪಿಗೆ ಬೆಲೆಯೂ ಇದೆ. ಮನೆಯ ಫ್ರಿಜ್ ದಿನಕ್ಕೆ ಸುಮಾರು ಒಂದು ಯೂನಿಟ್ ವಿದ್ಯುತ್ ಬಳಸಿದರೆ ಹಳೆಯ ಅಲ್ಟ್ರಾ-ಲೋ ಫ್ರೀಜರ್ ಸುಮಾರು 20 ಯೂನಿಟ್ ಬಳಸುತ್ತದೆ. ತಿಂಗಳಿಗೆ 600 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಮೂರು ಪಟ್ಟು, ಒಂದೇ ಬೀರುವಿಗೆ! ಹೊಸ ಯಂತ್ರಗಳು ಇದರ ಅರ್ಧದಷ್ಟರಲ್ಲಿ ಓಡುತ್ತವೆ. ಇದಲ್ಲದೆ ಯಂತ್ರ ಹೊರಹಾಕುವ ಬಿಸಿಯನ್ನು ಕೋಣೆಯಿಂದ ತೆಗೆಯಲು ಎಸಿ ಬೇರೆ.

ಮೈನಸ್ 80 ಎಂಬುದು ಪ್ರಕೃತಿ ಬರೆದುಕೊಟ್ಟ ಸಂಖ್ಯೆಯಲ್ಲ. ಮೊದಲು ಮೈನಸ್ 70ರ ಆಸುಪಾಸಿನಲ್ಲೇ ಅನೇಕ ಲ್ಯಾಬ್‌ಗಳು ಕೆಲಸ ನಡೆಸುತ್ತಿದ್ದವು. ಯಂತ್ರಗಳು ಇನ್ನೂ ತಣ್ಣಗಾಗುವಂತಾದಾಗ ಗುರಿಯೂ ಕೆಳಗಿಳಿಯಿತು. ಈಗ ಅನೇಕ ವಿಶ್ವವಿದ್ಯಾಲಯಗಳು ಮತ್ತೆ ಮೈನಸ್ 70ಕ್ಕೆ ಮರಳುತ್ತಿವೆ. ಈ 10 ಡಿಗ್ರಿಯ ಬದಲಾವಣೆಯಿಂದ ವಿದ್ಯುತ್ ಸುಮಾರು ಶೇ. 30ರಷ್ಟು ಉಳಿಯುತ್ತದೆ, ಯಂತ್ರದ ಮೇಲಿನ ಒತ್ತಡವೂ ಕಡಿಮೆಯಾಗುತ್ತದೆ. ಎಲ್ಲ ಮಾದರಿಗೂ ಇದು ಹೊಂದುತ್ತದೆ ಎಂದಲ್ಲ, ಆದರೆ ಬಹಳಷ್ಟಕ್ಕೆ ಹೊಂದುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಒಟ್ಟಿನಲ್ಲಿ ಹೇಳುವುದಾದರೆ:

• ತಂಪು ಕ್ರಿಮಿಗಳನ್ನು ನಂಬಿಕೆಯಿಂದ ಕೊಲ್ಲುವುದಿಲ್ಲ. ಅವನ್ನು ಕೊಲ್ಲಲು ಬಿಸಿ ಬೇಕು.
• ಲಸಿಕೆಗೆ ಅತಿ ತಂಪು ಬೇಕೆಂದರೆ ಅದು ಬೇಗ ಕೆಡುವ ವಸ್ತು ಎಂದು ಅರ್ಥ, ಅಪಾಯಕಾರಿ ಎಂದಲ್ಲ.
• ಲ್ಯಾಬ್‌ನ ಫ್ರೀಜರ್‌ನಲ್ಲಿ ವೈರಸ್ ಇರುವುದು ರೋಗವನ್ನು ಅರಿಯಲು. ಎಷ್ಟೋ ಗಾಳಿಮಾತುಗಳನ್ನು ಸುಳ್ಳು ಎಂದು ತೋರಿಸಿದ್ದೂ ಅಂಥ ಮಾದರಿಗಳೇ.
• ಹೆಚ್ಚು ತಂಪು ಎಂದರೆ ಹೆಚ್ಚು ಸುರಕ್ಷಿತ ಅಲ್ಲ. ಪ್ರತಿ ವಸ್ತುವಿಗೂ ಅದರದೇ ತಂಪು ಇದೆ, ಅದನ್ನು ಪೊಟ್ಟಣದ ಮೇಲೆ ಬರೆದಿರುತ್ತಾರೆ.

ನಿಮ್ಮ ಮನೆಯಲ್ಲಿ ಇನ್ಸುಲಿನ್ ಬಳಸುವವರಿದ್ದರೆ ಈ ಲೇಖನ ಮುಗಿಸಿದ ಕೂಡಲೇ ಒಮ್ಮೆ ಫ್ರಿಜ್ ತೆರೆದು, ಬಾಟಲಿ ಎಲ್ಲಿದೆ ಎಂದು ನೋಡಿ. ಮೇಲಿನ ಫ್ರೀಜರ್‌ನಲ್ಲಿದ್ದು ಹೆಪ್ಪುಗಟ್ಟಿದ್ದರೆ ಅದನ್ನು ಬಳಸಬೇಡಿ, ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ ಹೊಸದನ್ನು ತನ್ನಿ. ಆಮೇಲೆ ಬೇಕಾದರೆ ಇದನ್ನು ಮನೆಯವರ ಗುಂಪಿಗೆ ಫಾರ್ವರ್ಡ್ ಮಾಡಿ.